ಗೋಡೆಯ ಚಿತ್ರಗಳಲ್ಲಿ ಬರೀ ತೋಳಾಗಿ ಉಳಿದ ದೆಲ್ಫಿನಾ

ನಮ್ಮ ಕಂಪನಿಯ ಮುಂಬಾಗಿಲಿನಿಂದ ಒಳಗೆ ಬಂದರೆ ಬಲಗಡೆ ಉದ್ದಕ್ಕೂ ಒಂದು ಗೋಡೆ. ಕಂಪನಿ ಬೆಳೆದು ಬಂದ ದಾರಿಯನ್ನು ಅಲ್ಲಿ ಚಿತ್ರಗಳಲ್ಲಿ ಅಂಟಿಸಿದ್ದಾರೆ. ಮೊದಲು ನಮ್ಮ ಯಜಮಾನ ಪೆಲ್ಕಿಯ ಗ್ಯಾರೇಜು, ಆಮೇಲೆ ಟೈರ್ ಅಂಗಡಿಯ ಹಿಂದಿನ ಶೆಡ್ಡು, ಕೊನೆಗೆ ಅರಿಜೋನಾದ ಮರಳುಗಾಡಿನಲ್ಲಿ ಎದ್ದು ನಿಂತ ಈ ಗಾಜಿನ ಕಟ್ಟಡ. ನಡುನಡುವೆ ಶೆರೀಫರು, ಮೇಯರುಗಳು, ಎಲ್ಲೆಲ್ಲಿಂದಲೋ ಬಂದ ಪೊಲೀಸ್ ಮುಖ್ಯಸ್ಥರು ನಮ್ಮ ಪಿಸ್ತೂಲಿನಿಂದ ಕರೆಂಟು ಹೊಡೆಸಿಕೊಂಡು, ಹಲ್ಲು ಕಚ್ಚಿ ಸೆಟೆದು ನಿಂತ ಚಿತ್ರಗಳು. ಒಂದೊಂದರಲ್ಲೂ ಅವರ ಕಂಕುಳಿಗೆ ಕೈ ತೂರಿಸಿ ಯಾರೋ ಹಿಡಿದುಕೊಂಡಿರುವುದು ಕಾಣುತ್ತದೆ. ಕಂದು ಬಣ್ಣದ ದಪ್ಪ ತೋಳು, ಮಣಿಕಟ್ಟಿನಲ್ಲಿ ಕೆಂಪು ದಾರ. ಅಷ್ಟೇ. ಆ ತೋಳು ದೆಲ್ಫಿನಾ ಅರ್ವಿಸುವಿನದು. ಅವಳ ತಲೆಯನ್ನು ಯಾಕ್ರಮ್ಮಾ ಕತ್ತರಿಸಿದಿರಿ ಎಂದು ಪ್ರಚಾರ ವಿಭಾಗದ ಹುಡುಗಿಯನ್ನು ಒಮ್ಮೆ ಕೇಳಿಯೇ ಬಿಟ್ಟೆ. ಚೌಕಟ್ಟಿನಲ್ಲಿ ಹಿಡಿಸಲಿಲ್ಲವಂತೆ. ಮೇಯರುಗಳ ಹೊಟ್ಟೆ ಮಾತ್ರ ಚೆನ್ನಾಗಿ ಹಿಡಿಸಿದೆ.

ನಾನು ಚೆಲೊ. ನಾವು ಫಿನಾ ಎಂದು ಕರೆಯುವ ದೆಲ್ಫಿನಾಳ ಪಕ್ಕದ ಮೇಜಿನಲ್ಲಿ ಕೂತು ಬೆಸುಗೆ ಹಾಕುತ್ತಾ ತಲೆ ನೆರೆಸಿಕೊಂಡವಳು. ನನ್ನ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವಳು ಅವಳೇ, ಹಾಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು ಕೋಮಾದ್ರೆ, ಮಗುವಿನ ನಂಟಿನಿಂದ ಅಕ್ಕತಂಗಿಯರಾದವರು. ಗೋಡೆ ಹೇಳದೆ ಬಿಟ್ಟದ್ದನ್ನು ನಾನಾದರೂ ಹೇಳಬೇಕಲ್ಲ.

ರಸ್ ಪೆಲ್ಕಿ ಮೊದಲು ದನದ ಬೇಲಿಗೆ ಕರೆಂಟು ಹಾಯಿಸುವ ಪೆಟ್ಟಿಗೆ ಮಾರಿಕೊಂಡಿದ್ದವನು. ಬೇಲಿ ಮುಟ್ಟಿದ ಹೋರಿ ಗಾಯವಿಲ್ಲದೆ ಹಿಂದೆ ಸರಿಯುತ್ತದೆ, ಮನುಷ್ಯನಿಗೆ ಮಾತ್ರ ಯಾಕೆ ಗುಂಡು ಎಂದು ಅವನ ತಲೆಗೆ ಹೊಕ್ಕಿತು. ಎರಡು ಮುಳ್ಳಿನ ಬಾಣಗಳನ್ನು ತೆಳು ತಂತಿಯ ಸಮೇತ ಎಸೆಯುವ ಪಿಸ್ತೂಲು ಮಾಡಿದ. ಎರಡೂ ಬಾಣ ಮೈಗೆ ಕಚ್ಚಿಕೊಂಡರೆ ಐದು ಸೆಕೆಂಡು ಕರೆಂಟು. ಟಿವಿ ರಿಪೇರಿ ಅಂಗಡಿಯಲ್ಲಿದ್ದ ಫಿನಾ ಅವನ ಮೊದಲ ಕೆಲಸದಾಳು.

ಅವಳು ಆ ಗ್ಯಾರೇಜಿಗೆ ಸುಮ್ಮನೆ ಹೋದವಳಲ್ಲ. ಅವಳ ಅಪ್ಪ ಒಂದು ಸಂಜೆ ಕುಡಿದು, ನೋಪಾಲ್ ಕಳ್ಳಿ ಕೊಯ್ಯುವ ಕತ್ತಿ ಹಿಡಿದು ಅಂಗಳದಲ್ಲಿ ಕೂಗಾಡುತ್ತಿದ್ದಾಗ ಪೊಲೀಸರ ಗುಂಡಿಗೆ ಸತ್ತಿದ್ದ. ಕತ್ತಿ ಕೆಳಗಿಡಲು ಅವನಿಗೆ ಒಂದು ಗಳಿಗೆ ಬೇಕಿತ್ತು, ಅವರು ಕೊಡಲಿಲ್ಲ. ತಾಯಿ ಮೊದಲೇ ಇರಲಿಲ್ಲ. ಇನ್ನೂ ಅಂಬೆಗಾಲಿಡುತ್ತಿದ್ದ ತಮ್ಮ ಎಲಾದಿಯೊ, ನಮ್ಮ ಬಾಯಲ್ಲಿ ಲಾಯೊ, ಅವಳ ಸೊಂಟಕ್ಕೆ ಬಂದ. ಹಾಗಾಗಿ ಪೆಲ್ಕಿ ತನ್ನ ಪಿಸ್ತೂಲನ್ನು ತೋರಿಸಿದಾಗ ಅವಳು ಕೇಳಿದ್ದು ಒಂದೇ ಮಾತು.

"ಹೊಡೆಸ್ಕೊಂಡೋನು ಎದ್ದು ಮನೆಗೆ ಹೋಗ್ತಾನಾ?"

"ಹೋಗ್ತಾನೆ," ಎಂದನಂತೆ ಪೆಲ್ಕಿ.

"ಹಾಗಾದ್ರೆ ನಾಳೆಯಿಂದ ಬರ್ತೀನಿ."

ಮೊದಲ ಪಿಸ್ತೂಲು ಮಾತ್ರ ಶುದ್ಧ ದಂಡ. ಪೊಲೀಸರ ಮೇಳವೊಂದರಲ್ಲಿ ರೋಡಿಯೋದಲ್ಲಿ ಹೋರಿ ಸವಾರಿ ಮಾಡುವ ದಾಂಡಿಗನೊಬ್ಬನಿಗೆ ಹೊಡೆದರೆ, ಅವನು ಎದೆಯಲ್ಲಿ ಬಾಣ ನೇತುಹಾಕಿಕೊಂಡೇ ನಡೆದು ಬಂದು ಪೆಲ್ಕಿಯ ಕೈ ಕುಲುಕಿ, "ಕಚಗುಳಿ ಇಟ್ಟ ಹಾಗಾಯ್ತು ಸಾರ್," ಎಂದ. ಸಭೆಗೆ ಸಭೆಯೇ ನಕ್ಕಿತು. ಪೆಲ್ಕಿ ಹಟ ಹಿಡಿದು ಶೆಡ್ಡಿನಲ್ಲಿ ಕೂತು ಎರಡನೆಯದನ್ನು ಮಾಡಿದ, ಯಾರಿಗೂ ಹೇಳದೆ ತನ್ನ ಮೇಲೇ ಪ್ರಯೋಗಿಸಿಕೊಂಡ. ಮರದ ದಿಮ್ಮಿಯಂತೆ ಮುಂದಕ್ಕೆ ಬಿದ್ದ, ಮೇಜಿನ ಮೂಲೆಗೆ ತಾಗಿ ಮುಂದಿನ ಹಲ್ಲು ಮುರಿಯಿತು. ಬಾಯಿ ತುಂಬ ರಕ್ತ, ಆದರೂ ಕುಣಿಯುತ್ತಿದ್ದ. ಫಿನಾ ಅವನ ಬಾಯಿಗೆ ಬಟ್ಟೆ ಒತ್ತುತ್ತಾ ಬೈದಳು.

"ನಿಮಗೇನು ಬುದ್ಧಿಗಿದ್ದಿ ಇದೆಯಾ? ಇನ್ಮುಂದೆ ನಾನು ಹಿಡ್ಕೊಂಡು ಹೂಂ ಅಂತ ತಲೆ ಅಲ್ಲಾಡಿಸೋವರೆಗೂ ಯಾರೂ ಆ ಗುಂಡಿ ಒತ್ತೋ ಹಾಗಿಲ್ಲ!"

ನಮ್ಮ ಕಂಪನಿಯ ಕಟ್ಟಳೆ ಹುಟ್ಟಿದ್ದು ಆ ಬೈಗುಳದಿಂದ. ಕೆಲಸಕ್ಕೆ ಸೇರುವವರು, ತರಬೇತಿಗೆ ಬರುವ ಪೊಲೀಸರು, ಎಲ್ಲರೂ ಒಂದು ಸಲ ಹೊಡೆಸಿಕೊಳ್ಳಬೇಕು. ಎರಡು ಪಕ್ಕದಲ್ಲೂ ಹಿಡಿಯುವವರು ನಿಲ್ಲುತ್ತಾರೆ. ಎಡಗಡೆ ಯಾವತ್ತೂ ಫಿನಾ. ಅವಳು ಕಂಕುಳಿಗೆ ಕೈ ಕೊಟ್ಟು, ಕಾಲು ಅಗಲಿಸಿ ಊರಿ, ಒಂದು ಸಲ ತಲೆ ಅಲ್ಲಾಡಿಸಿದರೆ ಗುಂಡಿ ಒತ್ತುವುದು. ಹಿಡಿದವರಿಗೆ ಕರೆಂಟು ಹರಿಯುವುದಿಲ್ಲ, ಬಾಣಗಳ ನಡುವೆ ಕೈಯಿಡದಿದ್ದರೆ ಸಾಕು. ಮುಗಿದ ಮೇಲೆ ಅವನನ್ನು ಮಗುವನ್ನು ಮಲಗಿಸುವ ಹಾಗೆ ಚಾಪೆಯ ಮೇಲೆ ಇಳಿಸುವುದು, ಎಲ್ಲರೂ ನಗುವುದು, ಚಪ್ಪಾಳೆ. ಫಿನಾ ಮಾತ್ರ ಒಂದು ಸಲವೂ ಹೊಡೆಸಿಕೊಂಡಿರಲಿಲ್ಲ. ಹಿಡಿಯುವವಳು ಅವಳೇ ಆದಾಗ ಅವಳನ್ನು ಹಿಡಿಯುವವರು ಯಾರು?

ಅವಳು ಹಿಡಿದರೆ ಬೀಳುವುದಿಲ್ಲ ಎಂಬುದು ಪೊಲೀಸರಲ್ಲೆಲ್ಲ ಹೆಸರಾಗಿತ್ತು. ಪೇಟೆಯಲ್ಲಿ ಟೋರ್ತಿಯಾ ರೊಟ್ಟಿ ಕೊಳ್ಳುವಾಗ ಆರಡಿ ಆಳುಗಳು ಬಂದು, "ಅಮ್ಮಾ, ನೆನಪಿದೆಯಾ? ನಿಮ್ಮ ಹೆಗಲ ಮೇಲೆ ಜೊಲ್ಲು ಸುರಿಸಿದ್ದೆ," ಎನ್ನುತ್ತಿದ್ದರು. ಅವಳು, "ಒಬ್ಬರೋ ಇಬ್ಬರೋ ಆದ್ರೆ ನೆನಪಿಟ್ಕೋಬಹುದು ಕಣಪ್ಪಾ," ಎಂದು ನಗುತ್ತಿದ್ದಳು. ಯಾವುದೋ ಊರಲ್ಲಿ ಗುಂಡು ಹಾರದೆ ಒಬ್ಬ ಬದುಕಿದನೆಂದು ಪೇಪರಿನಲ್ಲಿ ಬಂದರೆ ಅವತ್ತು ಅವಳ ಊಟದ ಡಬ್ಬಿಯಲ್ಲಿ ನನಗೂ ಒಂದು ಪಾಲು. ನಮ್ಮದರಿಂದಲೇ ಯಾರೋ ಸತ್ತರೆಂದು ಬಂದ ದಿನ ಅವಳು ಡಬ್ಬಿಯನ್ನೇ ಬಿಚ್ಚುತ್ತಿರಲಿಲ್ಲ. ಅಂಥ ದಿನಗಳೂ ಇದ್ದವು. ಕಂಪನಿಯ ವಕೀಲರು ಹೃದಯ, ನಶೆ, ಬಿಸಿಲು ಎಂದು ಕಾರಣಗಳನ್ನು ಹುಡುಕುತ್ತಿದ್ದರು. "ಬಿದ್ದಿರ್ತಾರೆ ಕೋಮಾದ್ರೆ. ಹಿಡ್ಕೊಳೋರು ಇರಲ್ವಲ್ಲ ಬೀದೀಲಿ," ಎನ್ನುತ್ತಿದ್ದಳು ಅವಳು. ಅದನ್ನು ಅವಳು ಮನಸಾರೆ ನಂಬಿದ್ದಳು.

ಲಾಯೊ ಬೆಳೆದು ಚಾವಣಿ ಹೊದಿಸುವ ಕೆಲಸಕ್ಕೆ ಹೋದ. ಜೂನ್ ತಿಂಗಳಲ್ಲಿ ಇಲ್ಲಿ ಚಾವಣಿ ಎಂದರೆ ಕಾದ ಹಂಚು. ಅವನ ಪಕ್ಕದಲ್ಲೇ ಮೊಳೆ ಹೊಡೆಯುತ್ತಿದ್ದ ಗೆಳೆಯ ಬೆತೊ ಒಂದು ಮಧ್ಯಾಹ್ನ ಬಿಸಿಲಿಗೆ ಕುಸಿದು ಅಲ್ಲೇ ಸತ್ತ. ಅಂದಿನಿಂದ ಲಾಯೊನ ನಿದ್ದೆ ಹೋಯಿತು. ಅಡುಗೆಮನೆಯಲ್ಲಿ ಕೂತು ಮೇಲೆ ನೋಡುತ್ತಿದ್ದ. "ಸುಮ್ನಿರು, ಬೆತೊ ಬಡೀತಿದಾನೆ," ಎನ್ನುತ್ತಿದ್ದ. ಫಿನಾ ಡಾಕ್ಟರ ಬಳಿ ಕರೆದುಕೊಂಡು ಹೋದಳು, ನಾಟಿ ಮದ್ದು ಮಾಡುವ ಕುರಾಂದೆರಾ ಮುದುಕಿಯಿಂದ ಮೊಟ್ಟೆ ನಿವಾಳಿಸಿ ದೃಷ್ಟಿಯನ್ನೂ ತೆಗೆಸಿದಳು.

ಒಂದು ಭಾನುವಾರ ಅವಳು ಹಿಟ್ಟು ನಾದುತ್ತಿದ್ದಾಗ ತಲೆಯ ಮೇಲೆ ಧಡಧಡ ಸದ್ದು. ಲಾಯೊ ಸುತ್ತಿಗೆ ಹಿಡಿದು ಮನೆಯ ಚಾವಣಿಯನ್ನು ಕೀಳುತ್ತಿದ್ದ. ಕಿತ್ತ ತುಂಡುಗಳು ಪಕ್ಕದ ಮನೆಯ ಕಾರಿನ ಮೇಲೆ ಬಿದ್ದವು. ಪಕ್ಕದವರು ಫೋನು ಮಾಡಿದರು, ಪೊಲೀಸರಿಬ್ಬರು ಬಂದರು. ಇಬ್ಬರಲ್ಲಿ ಚಿಕ್ಕವನು ನಮ್ಮ ಪಿಸ್ತೂಲನ್ನು ಎತ್ತಿ ಹಿಡಿದ. ಅವನೂ ನಮ್ಮ ತರಬೇತಿ ಹಾಲ್‌ನಲ್ಲಿ ಕಲಿತು ಹೋದವನೇ.

ಫಿನಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಕೆಳಗಿಂದ ಹೊಡೀಬೇಡಿ, ಬೀಳ್ತಾನೆ! ನಾನು ಹೋಗಿ ಹಿಡ್ಕೋತೀನಿ," ಎಂದು ಏಣಿ ಹತ್ತಿದಳು. ಭಾನುವಾರದ ಊಟಕ್ಕೆಂದು ಬಂದ ನಾನು ಆಗಷ್ಟೇ ಗಾಡಿ ನಿಲ್ಲಿಸಿ ಇಳಿದಿದ್ದೆ, ಏಣಿಯ ಕಡೆ ಓಡಿದೆ.

ಮೇಲೆ ಅವಳು ತಮ್ಮನ ಪಕ್ಕಕ್ಕೆ ಹೋಗಿ, ಜಾರದಂತೆ ಕಾಲು ಅಗಲಿಸಿ ಊರಿ, ಅವನ ಕಂಕುಳಿಗೆ ಕೈ ಕೊಟ್ಟಳು. ಅವಳ ಮೈಗೆ ಬೇರೆ ಹಿಡಿತವೇ ಗೊತ್ತಿರಲಿಲ್ಲ.

"ಫಿನಾ, ಬೆತೊ ಒಳಗಿದಾನೆ. ಅವನನ್ನ ತೆಗೀಬೇಕು, ಅಲ್ವಾ?" ಎಂದ ಲಾಯೊ.

"ಹೂಂ ಕಣೋ, ತೆಗೆಯೋಣ," ಎಂದು ಅವಳು ತಲೆ ಅಲ್ಲಾಡಿಸಿದಳು.

ಕೆಳಗಿದ್ದವನು ಕಂಡದ್ದು ಇಷ್ಟೇ: ದೆಲ್ಫಿನಾ ಹಿಡಿದಳು, ಕಾಲೂರಿದಳು, ತಲೆ ಅಲ್ಲಾಡಿಸಿದಳು. ಅವನು ಒತ್ತಿದ.

ಐದು ಸೆಕೆಂಡು. ಲಾಯೊ ಅವಳ ತೋಳಿನಲ್ಲಿ ಸೆಟೆದು ನಿಂತು, ಅವಳ ಮುಖವನ್ನೇ ನೋಡುತ್ತಾ ಅರಚಿದ. ಅವಳು ಬಿಡಲಿಲ್ಲ. ಬಿಟ್ಟಿದ್ದರೆ ಸಿಮೆಂಟಿನ ನೆಲಕ್ಕೆ ತಲೆಕೆಳಗಾಗಿ ಬೀಳುತ್ತಿದ್ದ. ಹಾಲ್‌ನಲ್ಲಿ ಮಾಡುವ ಹಾಗೆಯೇ ಅವನನ್ನು ಮೆಲ್ಲಗೆ ಮಲಗಿಸಿದಳು. ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ. ಆ ಪೊಲೀಸಿನವನು ಬಿಳಿಚಿಕೊಂಡು ನನ್ನ ಕಡೆ ತಿರುಗಿ, "ಅಮ್ಮ ತಲೆ ಅಲ್ಲಾಡಿಸಿದ್ರಲ್ಲ... ಅಲ್ವಾ?" ಎಂದ. ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ಅವನ ತಲೆಗೆ ಹಾಕುತ್ತಿದ್ದೆ.

ಲಾಯೊ ಬದುಕಿದ. ಆಸ್ಪತ್ರೆಯಲ್ಲಿ ನಿದ್ದೆಯೂ ಬಂತು, ತಲೆಯೂ ತಿಳಿಯಾಯಿತು. ತಿಳಿಯಾದದ್ದೇ ಅಕ್ಕನಿಗೆ ಒಂದು ಮಾತು ಹೇಳಿದ.

"ಅವರು ಹೊಡೆದ್ರು, ಅದು ಹೋಗ್ಲಿ. ನೀನು ನನ್ನ ಹಿಡ್ಕೊಟ್ಟೆ. ತಲೆ ಬೇರೆ ಅಲ್ಲಾಡಿಸ್ದೆ. ನಾನು ನೋಡ್ತಾ ಇದ್ದೆ."

"ಬೀಳದೇ ಇರ್ಲಿ ಅಂತ ಹಿಡ್ಕೊಂಡೆ ಕಣೋ. ನನ್ನ ಮಾತು ಕೇಳೋ!"

"ಹೋಗು ನೀನು."

ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ. ಹತ್ತಿ ಹೊಲದ ಅಂಚಿನಲ್ಲಿ ಯಾರೋ ಬಿಟ್ಟುಹೋದ ಗಾಲಿಮನೆಯೊಂದನ್ನು ಹಿಡಿದು ಅಲ್ಲಿ ಉಳಿದ. ಭಾನುವಾರ ಬಂದರೆ ಫಿನಾ ಮೆನುದೊ ಸಾರಿನ ಪಾತ್ರೆಯನ್ನು ಅವನ ಮೆಟ್ಟಿಲ ಮೇಲಿಟ್ಟು ಕಾಯುತ್ತಿದ್ದಳು, ಅವನು ಬಾಗಿಲು ತೆಗೆಯುತ್ತಿರಲಿಲ್ಲ. ಬೇಸಿಗೆ ಕಳೆದು ಹತ್ತಿ ಒಡೆಯಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ಬಾಗಿಲ ಆಚೆ ಉಸಿರಾಡುವುದು ಕೇಳುತ್ತದೆ, ಚಿಲಕ ಮಾತ್ರ ತೆಗೆಯುವುದಿಲ್ಲ. ಅವಳಿಗಿದ್ದ ಪ್ರಪಂಚವೆಲ್ಲ ಅವನೊಬ್ಬನೇ.

"ಕೊಬ್ಬು ಅವನಿಗೆ. ಪ್ರಾಣ ಉಳಿಸಿದೋಳು ನೀನು," ಎಂದೆ ನಾನು.

"ಇಲ್ಲ ಚೆಲೊ. ಅವನು ಸುಳ್ಳು ಹೇಳೋನಲ್ಲ. ನಾನು ಹಿಡ್ಕೊಂಡಿದ್ದು ಅವನಿಗೆ ಹೇಗೆ ಕಾಣಿಸ್ತು ಅಂತ ನಂಗೆ ಗೊತ್ತಿಲ್ಲ. ನಾನು ಯಾವತ್ತೂ ಆ ಕಡೆ ನಿಂತೇ ಇಲ್ವಲ್ಲ."

ಮುಂದಿನ ಭಾನುವಾರ ಹೊಸಬರ ತರಬೇತಿ ಇತ್ತು. ಪೆಲ್ಕಿ ಈಗ ಮುದುಕ, ಆದರೂ ಅಂಥ ದಿನ ತಪ್ಪದೆ ಬರುತ್ತಾನೆ. ಫಿನಾ ಚಾಪೆಯ ನಡುವೆ ಹೋಗಿ ನಿಂತು, ಇವತ್ತು ತನಗೆ ಹೊಡೆಯಿರಿ ಎಂದಳು.

"ಈ ವಯಸ್ಸಲ್ಲಿ ಯಾಕೆ ಫಿನಾ? ನಿನ್ನನ್ನ ಯಾರು ಕೇಳಿದ್ರು?" ಎಂದ ಪೆಲ್ಕಿ.

"ಯಾರೂ ಕೇಳ್ಲಿಲ್ಲ, ಅದಕ್ಕೇ. ಚೆಲೊ, ಎಡಗಡೆ ಬಾ."

ನಾನು ಹಿಡಿದೆ. ಎಷ್ಟೋ ಜನಕ್ಕೆ ಬಲಗಡೆ ನಿಂತಿದ್ದೇನೆ, ಆದರೆ ತಲೆ ಅಲ್ಲಾಡಿಸುವ ಕೆಲಸ ನನಗೆ ಯಾವತ್ತೂ ಬಿದ್ದಿರಲಿಲ್ಲ. ಕತ್ತು ಮರಗಟ್ಟಿತು. "ಅಲ್ಲಾಡ್ಸೇ, ಕೈ ನೋಯ್ತಿದೆ," ಎಂದು ಅವಳೇ ಗದರಿದಳು. ಕಣ್ಣು ಮುಚ್ಚಿಕೊಂಡು ಅಲ್ಲಾಡಿಸಿದೆ. ನನ್ನ ಕೋಮಾದ್ರೆಯ ಮೈ ನನ್ನ ತೋಳಿನಲ್ಲಿ ಕಲ್ಲಾಯಿತು. ಅವಳ ಗಂಟಲಿನಿಂದ ಬಂದ ಸದ್ದು ಚಾವಣಿಯ ಮೇಲೆ ಲಾಯೊನಿಂದ ಬಂದ ಸದ್ದೇ. ಚಾಪೆಯ ಮೇಲೆ ಇಳಿಸಿದ ಕೂಡಲೇ ಹೊಸಬರು ರೂಢಿಯಂತೆ ಚಪ್ಪಾಳೆ ಶುರು ಮಾಡಿದರು. "ಬಾಯಿ ಮುಚ್ಚಿ!" ಎಂದು ನಾನು ಕಿರುಚಿದೆ. ಚಪ್ಪಾಳೆಗೆ ಬಾಯಿ ಮುಚ್ಚಿ ಎಂದವಳು ನಾನೊಬ್ಬಳೇ ಇರಬೇಕು.

ಫಿನಾ ಮಲಗಿದ್ದಲ್ಲಿಂದಲೇ, "ಇನ್ಮೇಲೆ ಹಿಡಿಯೋರು ತಲೆ ಅಲ್ಲಾಡಿಸೋದು ಬೇಡ. ಹೊಡೆಸ್ಕೊಳೋನೇ ಬಾಯಿಬಿಟ್ಟು ಹೂಂ ಅನ್ಲಿ," ಎಂದಳು. ಪೆಲ್ಕಿ ಅವಳನ್ನು ಎಬ್ಬಿಸಲು ಕೈ ಚಾಚಿದ. ಈಗ ನಮ್ಮಲ್ಲಿ ಹಾಗೇ ನಡೆಯುತ್ತಿದೆ. ಗೋಡೆಯ ಮೇಲೆ ಇದು ಇಲ್ಲ.

ಅಲ್ಲಿಂದ ನೇರ ಹತ್ತಿ ಹೊಲದ ಕಡೆ ಹೊರಟೆವು. ಅವಳ ಕಾಲಿನ್ನೂ ನಡುಗುತ್ತಿತ್ತು, ಹಾಗಾಗಿ ಸಾರಿನ ಪಾತ್ರೆ ನನ್ನ ಕೈಗೆ ಬಂತು. ಅವಳು ಮೆಟ್ಟಿಲ ಮೇಲೆ ಕೂತು ಮುಚ್ಚಿದ ಬಾಗಿಲಿಗೆ ಹೇಳಿದಳು.

"ಲಾಯೊ, ಇವತ್ತು ನಾನೂ ಹೊಡೆಸ್ಕೊಂಡೆ."

ಒಳಗೆ ಕುರ್ಚಿ ಸರಿದ ಸದ್ದು.

"ನೀನು ಹೇಳಿದ್ದೇ ನಿಜ ಕಣೋ. ಹಿಡ್ಕೊಂಡ ಕೈ ಗೊತ್ತಾಗುತ್ತೆ. ಬೀಳದ ಹಾಗೆ ಹಿಡ್ಕೊಂಡಿದಾರೆ ಅಂತ ಒಂದು ಚೂರೂ ಅನ್ಸಲ್ಲ. ತಪ್ಪಿಸ್ಕೊಂಡು ಓಡದ ಹಾಗೆ ಹಿಡ್ಕೊಂಡಿದಾರೆ ಅನ್ಸುತ್ತೆ. ಅಷ್ಟು ಜನರನ್ನ ಹಿಡ್ಕೊಂಡೆ, ಇದು ನಂಗೆ ಗೊತ್ತೇ ಇರ್ಲಿಲ್ಲ."

ಆಮೇಲೆ ಬಾಗಿಲ ಹಿಂದಿನಿಂದಲೇ ಅವನ ದನಿ ಬಂತು. "ಯಾರು ಹಿಡ್ಕೊಂಡಿದ್ರು?"

"ಚೆಲೊ."

ಚಿಲಕ ಸರಿಯಿತು. ಕಿರುಬೆರಳಷ್ಟು ಸಂದಿಯಲ್ಲಿ ಒಂದು ಕಣ್ಣು ನನ್ನನ್ನೂ ನನ್ನ ಕೈಯಲ್ಲಿ ತುಳುಕುತ್ತಿದ್ದ ಸಾರಿನ ಪಾತ್ರೆಯನ್ನೂ ನೋಡಿತು. "ಇವಳಾ? ಒಂದು ಪಾತ್ರೆ ನೆಟ್ಟಗೆ ಹಿಡಿಯೋಕೆ ಬರಲ್ಲ ಇವಳಿಗೆ. ಬಿದ್ಯಾ ಫಿನಾ?"

"ಇಲ್ಲ, ಬೀಳ್ಲಿಲ್ಲ."

ಅವನು ಹೊರಗೆ ಬಂದು ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತು, ಅವಳ ಎಡತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿದ. ಕಂಕುಳ ಕೆಳಗೆ ನನ್ನ ನಾಲ್ಕು ಬೆರಳುಗಳ ಗುರುತು ಕೆಂಪಗೆ ಎದ್ದಿತ್ತು. ಅದರ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

"ನಂಗೂ ಇಲ್ಲೇ ಆಗಿತ್ತು," ಎಂದ. ಆಮೇಲೆ ಎದ್ದು ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅವಳು ಒಳಗೆ ಬರಲೆಂದು ಬಾಗಿಲನ್ನು ಕಾಲಿನಿಂದ ತಡೆದು ನಿಂತ.