ಎಣ್ಣೆ ಕುಡಿದ ಸಾಣೆಕಲ್ಲು

ಬಳ್ಳಾರಿಯ ನನ್ನ ಕಟಿಂಗ್ ಶಾಪನ್ನು ಅಳಿಯನ ಕೈಗೊಪ್ಪಿಸುವುದಕ್ಕೆ ಹಿಂದಿನ ಬೇಸಿಗೆಯ ಮಾತು. ಆ ಹೊತ್ತಿಗೆ ಎಲ್ಲ ಕಡೆಯಂತೆ ನಮ್ಮಲ್ಲೂ ಗಿರಾಕಿಗೊಂದು ಹೊಸ ಬ್ಲೇಡು. ಆದರೆ ನಾನು ಕಸುಬು ಕಲಿತದ್ದು ಸಿರುಗುಪ್ಪದಲ್ಲಿ, ಮಡಚುವ ಹಳೆಯ ಕತ್ತಿಯಲ್ಲಿ. ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದವನು ಕುರುಗೋಡಿನ ತಿಪ್ಪಣ್ಣ. ಕತ್ತಿ ಮಸೆಯುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವನು ತೀರಿಕೊಂಡ ಮೇಲೆ ಆ ಮನೆಗೆ ಹೋಗಿಬರುವುದು ಕಡಿಮೆಯಾಗಿತ್ತು.

ಒಂದು ದಿನ ಅವನ ಹೆಂಡತಿ ಹನುಮವ್ವ ಫೋನ್ ಮಾಡಿದಳು. "ತಮ್ಮಾ, ಮೊಮ್ಮಗಳ ಜಾವಳ ಐತಿ. ನಿಮ್ಮಣ್ಣನ ಕತ್ತೀಲೇ ಆಗಬೇಕು, ನಿನ್ನ ಕೈಲೇ ಆಗಬೇಕು. ಕತ್ತಿ, ಕಲ್ಲು, ಪಟ್ಟಿ ಎಲ್ಲಾ ಜ್ವಾಪಾನ ಮಾಡೀನಿ. ನೀ ಬರೇ ಕೈಲೆ ಬಾ."

ನಾನು ಬರೇ ಕೈಯಲ್ಲೇ ಹೋದೆ. ಒಂದು ಹೊಸ ಬ್ಲೇಡಿನ ಪೊಟ್ಟಣ ಮಾತ್ರ ಜೇಬಿನಲ್ಲಿತ್ತು.

ಹೊಸ್ತಿಲು ದಾಟುತ್ತಿದ್ದಂತೆ ಹನುಮವ್ವನ ಸೊಸೆ ಲತಾ ಪಕ್ಕಕ್ಕೆ ಕರೆದಳು. "ಮಾವ, ತಪ್ಪು ತಿಳ್ಕೋಬ್ಯಾಡ್ರಿ. ಆ ಹಳೀ ಕತ್ತಿ ನನ್ನ ಕೂಸಿನ ತಲಿಗೆ ಬ್ಯಾಡ. ಬ್ಲೇಡಿನಾಗ ಮುಗಿಸ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಎಳೆಗೂಸಿನ ನೆತ್ತಿ ಅದು. ಆದರೆ ಹನುಮವ್ವನ ಕಿವಿಗೂ ಅದು ಬಿತ್ತು. "ಮೊಮ್ಮಕ್ಕಳ ಜಾವಳ ನಾನ ತೆಗೀತೀನಿ ಅಂದಿದ್ರು ಅವ್ರು. ಅವ್ರಂತೂ ಇಲ್ಲ, ಅವ್ರ ಕತ್ತೀನಾರ ಮುಟ್ಟಬ್ಯಾಡೇನು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಬ್ಬರೂ ಕೇಳ್ರಿ," ಎಂದೆ. "ಕತ್ತಿ ನನ್ನ ಕೈಗೆ ಒಪ್ಪಿದ್ರ ಕತ್ತಿ, ಇಲ್ಲಾಂದ್ರ ಬ್ಲೇಡು. ಆಮ್ಯಾಲ ಯಾರೂ ತಕರಾರು ಮಾಡಂಗಿಲ್ಲ."

ಕತ್ತಿಯ ಬೆನ್ನಿಗೆ ಒಂದಿಷ್ಟು ತುಕ್ಕು ಹತ್ತಿತ್ತು, ಬಾಯಿ ಸ್ವಚ್ಛವಾಗಿತ್ತು. ಮೊಂಡಾಗಿತ್ತು, ಅಷ್ಟೇ. ಮಸೆದರೆ ಸರಿಹೋಗುತ್ತದೆ ಎಂದುಕೊಂಡು ಸಾಣೆಕಲ್ಲನ್ನು ಬಕೆಟ್ಟಿನ ನೀರಿಗೆ ಇಳಿಸಿದೆ. ಈ ಜಾತಿಯ ಕಲ್ಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ನೆನೆಹಾಕಿದಾಗ ಒಳಗಿನ ಗಾಳಿ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ನಿಂತರೆ ಕಲ್ಲಿನ ದಾಹ ತೀರಿತೆಂದು ಅರ್ಥ. ಒಣಗಿದ ಕಲ್ಲಿನ ಮೇಲೆ ಮಸೆದರೆ ಉಕ್ಕಿನ ಪುಡಿ ಅಲ್ಲೇ ಕೂತು ಕತ್ತಿಯ ಬಾಯಿ ಗರಗಸವಾಗುತ್ತದೆ.

ಒಂದು ಗುಳ್ಳೆಯೂ ಏಳಲಿಲ್ಲ. ಮೇಲೆತ್ತಿದರೆ ನೀರು ಹನಿಹನಿಯಾಗಿ ಜಾರಿತು. ಮೂಸಿ ನೋಡಿದೆ: ಶೇಂಗಾ ಎಣ್ಣೆಯ ವಾಸನೆ.

"ಅಕ್ಕಾ, ಕಲ್ಲಿಗೆ ಏನು ಹಚ್ಚೀದಿ?"

"ಆಯುಧ ಪೂಜಿಗೆ ಕತ್ತಿಗೆ ಹಚ್ಚಿದಂಗ ಅದಕ್ಕೂ ಎಣ್ಣಿ ಹಚ್ಚಿ ಕುಂಕುಮ ಇಟ್ಟೀನಿ. ಅವ್ರು ಹೋದಾಗಿಂದ ಒಂದು ವರ್ಷಾನೂ ತಪ್ಪಿಸಿಲ್ಲ." ನನ್ನ ಮುಖ ನೋಡಿ ಅವಳ ದನಿ ಕುಸಿಯಿತು. "ಪೂಜಿ ಮಾಡಿದ್ದ ತಪ್ಪಾತೇನು?"

"ಕತ್ತಿಗೆ ಎಣ್ಣಿ ಬೇಕಕ್ಕ, ಕಲ್ಲಿಗೆ ನೀರು ಬೇಕು. ಪೂಜಿ ಎಂದೂ ತಪ್ಪಲ್ಲ ಬಿಡು. ಬಿಸಿನೀರು, ಸೋಡಾಪುಡಿ ತರ್ಸು."

ಕುದಿಯುವ ನೀರು ಹಾಕಿದರೆ ಕಲ್ಲು ಬಿರುಕು ಬಿಡುತ್ತದೆ. ಕೈ ತಡೆಯುವಷ್ಟು ಬಿಸಿ ನೀರಲ್ಲಿ ಸೋಡಾ ಕಲಸಿ ತಿಕ್ಕಿದೆ, ತೊಳೆದೆ, ಮತ್ತೆ ತಿಕ್ಕಿದೆ. ಅಂಗಳದ ಒರಟು ಹಾಸುಗಲ್ಲಿನ ಮೇಲೆ ಸಾಣೆಕಲ್ಲನ್ನು ಬೋರಲು ಹಾಕಿ ಉಜ್ಜಿ ಉಜ್ಜಿ ಎಣ್ಣೆ ಕುಡಿದ ಪದರವನ್ನೇ ಸವೆಸತೊಡಗಿದೆ. ಬಳ್ಳಾರಿ ಸೀಮೆಯ ಬಿಸಿಲು, ಕೇಳಬೇಕೇ? ಬೆವರು ಕಣ್ಣಿಗಿಳಿಯಿತು, ರಟ್ಟೆ ಬಿದ್ದುಹೋಯಿತು. ಆದರೂ ಬಿಡಲಿಲ್ಲ. ಗೆಳೆಯನ ಮಾತು ಅವನ ಮನೆಯ ಅಂಗಳದಲ್ಲೇ ಹುಸಿಯಾಗುವುದು ನನಗೆ ಬೇಕಿರಲಿಲ್ಲ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಸೋದರಮಾವ ಚಡಪಡಿಸಿದ. "ರಾಹುಕಾಲ ಬಂತು. ಒಂದು ತಲಿ ಬೋಳಿಸಾಕ ಇಷ್ಟ್ಯಾಕ್ರಿ ನಾಟಕ?"

ನನಗೆ ರೇಗಿತು. "ಲೇ, ಕೂಸಿನ ತಲಿ ಇದು, ತೆಂಗಿನಕಾಯಿ ಅಲ್ಲ! ಸುಮ್ನ ಕುಂದ್ರು."

ಕಡೆಗೆ ಕಲ್ಲನ್ನು ಮತ್ತೆ ನೀರಿಗಿಟ್ಟಾಗ ಒಂದು ಗುಳ್ಳೆ ಎದ್ದಿತು, ಹಿಂದೆಯೇ ಸಾಲುಸಾಲಾಗಿ ಬಂದವು. ಗುಳ್ಳೆ ನಿಲ್ಲುವ ತನಕ ಕಾದು ಮಸೆಯಲು ಕೂತೆ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಬಾಯಿ ಮುಂದಾಗಿ ಹೋಗಬೇಕು. ಆಮೇಲೆ ಚರ್ಮದ ಪಟ್ಟಿಗೆ ಎಳೆದು ನನ್ನ ಮುಂಗೈ ಮೇಲೆ ಆಡಿಸಿದೆ. ಒಂದು ಕಡೆ ಕೂದಲು ಎಳೆಯಿತು. ಕಲ್ಲಿಗೆ ಮರಳಿದೆ.

ಹನುಮವ್ವನಿಗೆ ನೋಡಲಾಗಲಿಲ್ಲ. "ಸಾಕು ತಮ್ಮಾ. ನನ್ನ ಹಟಕ್ಕ ಕೂಸಿಗೇನಾರ ಆದ್ರ ನಾ ಬದುಕಂಗಿಲ್ಲ. ಬ್ಲೇಡ ಹಾಕು," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಲತಾ ಅಂದಳು: "ನಿಲ್ರಿ ಅತ್ತಿ. ಮಾವ ಇನ್ನೂ ಕಲ್ಲು ಬಿಟ್ಟಿಲ್ಲ."

ಅವಳು ಅಷ್ಟು ಹೊತ್ತೂ ನನ್ನ ಮುಂಗೈಯನ್ನೇ ನೋಡುತ್ತಿದ್ದಳೆಂದು ಆಗ ತಿಳಿಯಿತು. ಮತ್ತೆ ಮಸೆದೆ, ಮತ್ತೆ ಮುಂಗೈಗೆ ಹಚ್ಚಿದೆ. ಕೂದಲು ಸದ್ದಿಲ್ಲದೆ ಉದುರಿತು. ಕತ್ತಿಯನ್ನು ಬಿಸಿನೀರಲ್ಲಿ ತೊಳೆದು ಸ್ಪಿರಿಟ್ ಹಚ್ಚಿ ಲತಾಳ ಕಡೆ ನೋಡಿದೆ. "ಹೂಂ ಮಾವ," ಎಂದಳು.

ಮಗುವಿನ ಕೂದಲನ್ನು ಹದವಾಗಿ ನೆನೆಸಿ ಹಣೆಯ ಮೇಲಿಂದ ಶುರುಮಾಡಿದೆ. ಕತ್ತಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಹಿಂದಲೆಗೆ ಬರುವಷ್ಟರಲ್ಲಿ ಮಗು ಸೋದರಮಾವನ ತೋಳಿಗೆ ಒರಗಿ ನಿದ್ದೆಹೋಗಿತ್ತು. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ.

ಗಿರಾಕಿಯ ಅವಸರ ಗಿರಾಕಿಯದು, ಅದು ನಮ್ಮ ಕೈಗಿಳಿಯಬಾರದು ಎಂಬುದನ್ನು ಈ ಕಸುಬು ನನಗೆ ಕಲಿಸಿದೆ. ಭಯಪಟ್ಟವರಿಗೆ ಧೈರ್ಯ ಹೇಳಿ ಉಪಯೋಗವಿಲ್ಲ. ಅವರ ಕಣ್ಣೆದುರಿಗೇ ಕೆಲಸ ಮಾಡಬೇಕು. ಲತಾ ಮಗುವಿನ ನುಣುಪಾದ ತಲೆಯ ಮೇಲೆ ಅಂಗೈ ಆಡಿಸಿ ನೋಡಿದಳು. ಆಮೇಲೆ ಅತ್ತೆಯ ಕೈ ಹಿಡಿದು ಅಲ್ಲಿಟ್ಟು, "ನೋಡ್ರಿ ಅತ್ತಿ, ಮಾವಾರು ಹೇಳಿದಂಗ ಮಾಡ್ಯಾರ," ಎಂದಳು. ಅವಳು ಹೇಳಿದ್ದು ನನ್ನ ಬಗ್ಗೆ ಅಲ್ಲ, ತಿಪ್ಪಣ್ಣನ ಬಗ್ಗೆ.