ಯಾರೂ ಕದಿಯದ ಡೇರೆ

ಮೊನ್ನೆ ಸಾಗರದ ನರ್ಸರಿಯೊಂದರಲ್ಲಿ ಡೇರೆಯ, ಅದೇ ಡೇಲಿಯಾ ಹೂವಿನ, ಗೆಡ್ಡೆಯ ಪ್ಯಾಕೆಟ್ಟು ಕೈಗೆತ್ತಿಕೊಂಡೆ. ಒದ್ದೆ ಮರಳಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಆಮೇಲೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೊಬ್ಬರ ಕೊಳ್ಳಲು ಹೋದವಳು ಅದನ್ನೂ ಮರೆತು ಬಸ್ಸು ಹತ್ತಿದೆ. ಹೊಸನಗರದ ನಮ್ಮ ಬೀದಿಯಲ್ಲಿದ್ದ ಆಚೆಮನೆ ಅತ್ತೆ ದಾರಿಯುದ್ದಕ್ಕೂ ತಲೆಯೊಳಗೆ ಓಡಾಡಿದರು.

ನಮ್ಮ ಕಡೆ ಹೆಂಗಸರಿಗೆ ಡೇರೆ ಹೂವಿನ ಹುಚ್ಚು. ಕೇಳಿ ತಂದದ್ದು ಚಿಗುರುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂಬ ನಂಬಿಕೆ ಬೇರೆ. ತೀರ್ಥಹಳ್ಳಿಗೆ ಮದುವೆಗೆಂದು ಹೋದ ಅಮ್ಮ ಅಲ್ಲಿಯ ಹಿತ್ತಲಿನಿಂದ ಗೆಡ್ಡೆ ಎಗರಿಸಿ ರೇಷ್ಮೆ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಅದನ್ನು ಯಾರೂ ಕಳ್ಳತನವೆಂದು ಎಣಿಸುತ್ತಿರಲಿಲ್ಲ.

ಅತ್ತೆ ಮಾತ್ರ ಕಾವಲು ಕೂರುತ್ತಿದ್ದರು. ಅವರ ಮಗಳು, ನನ್ನ ಓರಗೆಯವಳು, ಒಣಗಿದ ಹೂವುಗಳನ್ನು ಉಜ್ಜಿ ಬೀಜ ತೆಗೆದು ಅಂಗಳದ ಮೂಲೆಯಲ್ಲಿ ಬಿತ್ತಿದ್ದಳು. ಗೆಡ್ಡೆ ನೆಟ್ಟರೆ ತಾಯಿಗಿಡದ್ದೇ ಬಣ್ಣ. ಬೀಜವಾದರೆ ಹಾಗಲ್ಲ, ದುಂಬಿ ಯಾವ ಹೂವಿನ ಪರಾಗ ತಂದಿತ್ತೋ ಯಾರು ಬಲ್ಲರು! ಒಂದು ಗಿಡದಲ್ಲಿ ಊರಲ್ಲೇ ಇಲ್ಲದ ಬಣ್ಣ ಬಂತು. ಅದು ಅರಳುವ ಹೊತ್ತಿಗೆ ಜ್ವರ ಬಂದು ಹುಡುಗಿ ಹೋಗಿಬಿಟ್ಟಿದ್ದಳು… ಆಮೇಲೆ ಅತ್ತೆ ಪ್ರತಿವರ್ಷ ಅದರ ಗೆಡ್ಡೆ ಕಿತ್ತು, ಮರಳಿನಲ್ಲಿ ಹುಗಿದಿಟ್ಟು, ಮತ್ತೆ ನೆಡುತ್ತಿದ್ದರು. ಕೇಳಿದವರಿಗೆ ಕೊಡಲಿಲ್ಲ, ಕದಿಯಲೂ ಬಿಡಲಿಲ್ಲ. ಅಮ್ಮನೂ ಒಮ್ಮೆ ಕೈಹಾಕಲು ಹೋಗಿ ಪೆಚ್ಚಾಗಿ ಬಂದಿದ್ದಳು.

ಒಂದು ವರ್ಷ, ನೆಟ್ಟ ವಾರದಲ್ಲೇ ಮುಳ್ಳುಹಂದಿ ಅಷ್ಟನ್ನೂ ಕೆದಕಿ ತಿಂದುಹೋಯಿತು. ಬೆಳಗಾಗುತ್ತಲೇ ಅತ್ತೆ ಮನೆಮನೆಗೂ ಬಂದರು.

“ಯಾರಾದ್ರೂ ಕದ್ದಿದ್ರೆ ಹೇಳ್ರೇ ಮಾರಾಯ್ತೀರಾ… ಬೈಯದಿಲ್ಲ. ಒಂದು ಗೆಡ್ಡೆ ಕೊಡಿ, ಸಾಕು.”

ಯಾರ ಹತ್ತಿರವೂ ಇರಲಿಲ್ಲ. ನಮ್ಮ ಜಗಲಿಗೆ ಬಂದಾಗ ಅಮ್ಮ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

“ಕದೀಬೇಕಿತ್ತು ಅತ್ಗೆ. ನಾನಾದ್ರೂ ಕದೀಬೇಕಿತ್ತು.”

ಅಲ್ಲಿಂದ ಅತ್ತೆ ಕೂತಲ್ಲಿ ಕೂರಲಿಲ್ಲ. ಕಂಡಕಂಡ ಡೇರೆಯ ಬೀಜವನ್ನೆಲ್ಲ ತಂದು ಬಿತ್ತಿದರು. ಹಳದಿ ಬಂತು, ನೇರಳೆ ಬಂತು, ಕೆಂಪಂಚಿನ ಬಿಳಿಯೂ ಬಂತು. ಮೊಗ್ಗು ಬಿರಿಯುವ ತನಕ ಗಿಡದ ಸುತ್ತಲೇ ಸುಳಿದಾಡಿ, ಬಿರಿದ ಮೇಲೆ ಮುಖ ತಿರುಗಿಸುತ್ತಿದ್ದರು. ಆದರೆ ಒಂದನ್ನೂ ಅವರು ಕಿತ್ತೆಸೆಯಲಿಲ್ಲ. ಬೇಲಿಯ ದಣಪೆ ತೆರೆದಿಟ್ಟು, ಹೆಂಗಸರು ಗೆಡ್ಡೆ ಕದಿಯಲು ಬಂದರೆ ಬೇಕೆಂದೇ ಒಳಗೆ ಹೋಗಿ ಕೂರುತ್ತಿದ್ದರು.

ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ಹಳದಿ, ನೇರಳೆಗಳು ನಮ್ಮ ಬೀದಿಯ ಮನೆಗಳಲ್ಲಿ ಈಗಲೂ ಅರಳುತ್ತವೆ. ಮೊನ್ನೆ ಬಸ್ಸಿಳಿದು ಮನೆಗೆ ಬಂದವಳೇ ಅಮ್ಮನನ್ನು ಕೇಳಿದೆ, ಅತ್ತೆಯ ಮಗಳ ಆ ಹೂವಿನ ಬಣ್ಣ ಯಾವುದಿತ್ತು ಎಂದು. ಮಾಗಿದ ಮಾವಿನ ಸಿಪ್ಪೆಯಂಥದ್ದು ಎಂದಳು. ಅಲ್ಲವೇ ಅಲ್ಲ, ಕುಂಕುಮಕ್ಕಿಂತ ಒಂಚೂರು ತಿಳಿ ಎಂದೆ ನಾನು. ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದೆವು. ಹೌದೋ ಅಲ್ಲವೋ ಎಂದು ಹೇಳಬಲ್ಲವರು ಅತ್ತೆಯೊಬ್ಬರೇ ಇದ್ದರು.