ರವೆಯ ಮರುಭೂಮಿ

ಡಬ್ಬದ ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಗ್ಯಾರೇಜಿನ ತುಂಬ ಹರಡಿಕೊಂಡಿತು. ಅದರ ಹಿಂದೆಯೇ ಹಳೆಯ ಮರದ, ಬಣ್ಣದ, ಎಂದೋ ಹಚ್ಚಿದ ಊದುಬತ್ತಿಯ ವಾಸನೆ. ಒಳಗೆ ನಮ್ಮ ಮೇಲಿನ ಮನೆಯವರ ದಸರಾ ಗೊಂಬೆಗಳಿದ್ದವು. ಒಂದೊಂದನ್ನೂ ಬಿಳಿಯ ಕಾಗದದಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಅಕ್ಷರವೂ ಇರಲಿಲ್ಲ.

ನಾನು ಕಂಡ ಕಾಲದಲ್ಲಿ ಅವರು ಗೊಂಬೆಗಳನ್ನು ಸುತ್ತುತ್ತಿದ್ದದ್ದು ದಿನಪತ್ರಿಕೆಯಲ್ಲಿ. ಯಾವ ಗೊಂಬೆಗೆ ಯಾವ ಪುಟ ಎಂಬುದನ್ನು ಮದುವೆಗೆ ಸೀರೆ ಆರಿಸುವಷ್ಟು ಮುತುವರ್ಜಿಯಿಂದ ಆರಿಸುತ್ತಿದ್ದರು. ವಾಲಗದವರ ಗೊಂಬೆಗಳಿಗೆ ಯುದ್ಧಕ್ಕೆ ಕೈಯೆತ್ತಿದ ಸೆನೆಟರುಗಳ ಫೋಟೋ ಇದ್ದ ಪುಟ. "ಊದು ಅಂದ್ರೆ ಊದೋರು ಇವ್ರು. ಇದ್ರಲ್ಲಿ ನಮ್ಮ ಪಾರ್ಟಿಯೋರೂ ಇದಾರೆ ನೋಡಮ್ಮ, ನಾನೇ ವೋಟ್ ಹಾಕಿ ಕಳ್ಸಿದೀನಿ" ಎನ್ನುತ್ತಿದ್ದರು. ಪಟ್ಟದ ಗೊಂಬೆಗಳಾದ ರಾಜ ರಾಣಿಗೆ ಮಾತ್ರ ಹವಾಮಾನದ ಪುಟ. ಸಿಯಾಟಲ್‌ನಲ್ಲಿ ನಾಳೆ ಮಳೆ ಎಂದು ಬರೆದರೆ ಅದೊಂದು ಸುಳ್ಳಾಗುವುದಿಲ್ಲ ಎಂಬುದು ಅವರ ವಾದ.

ಆಗ ನಾವು ಸಿಯಾಟಲ್ ಪಕ್ಕದ ರೆಂಟನ್ನಿನ ಗುಡ್ಡದ ಮೇಲೆ ಬಾಡಿಗೆಗಿದ್ದೆವು. ನನ್ನವರು ದಿನಾ ರೆಡ್ಮಂಡ್‌ಗೆ ಕೆಲಸಕ್ಕೆ ಡ್ರೈವ್ ಮಾಡಿಕೊಂಡು ಹೋಗಿ, ಟ್ರಾಫಿಕ್ಕನ್ನು ಬೈಯುತ್ತ ವಾಪಸು ಬರುತ್ತಿದ್ದರು. ನಮ್ಮ ರಸ್ತೆಯ ಮೇಲ್ತುದಿಯಲ್ಲಿ ಅವರ ಮನೆ. ಅದಕ್ಕೇ ಆಕೆಯನ್ನು ನಾವು ಮೇಲಿನ ಮನೆಯವರು ಎನ್ನುತ್ತಿದ್ದದ್ದು. ಅವರ ಯಜಮಾನರು ಬಹಳ ಹಿಂದೆ ಓದಲು ಬಂದು, ಕೆಳಗೆ ಕಾಣುವ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿ ಉಳಿದುಕೊಂಡವರು. ಮಾತು ಕಡಿಮೆ. ಮನೆಯ ಮಾತಿನ ಖಾತೆಯೆಲ್ಲ ಹೆಂಡತಿಯದ್ದೇ. ಇವರು ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನೀಟಾಗಿ ಕತ್ತರಿಸಿದ ಬೆಳ್ಳಿಕೂದಲು, ಮೈಸೂರು ಕಡೆಯ ಮೆತ್ತನೆಯ ಮಾತು, ಆ ಮೆತ್ತನೆಯ ಮಾತಿನೊಳಗೆ ಸೂಜಿ. ಒಬ್ಬನೇ ಮಗ. ಹೈಸ್ಕೂಲಿನ ಕೊನೆಯ ವರ್ಷ, ಅಂದರೆ ಹನ್ನೆರಡನೇ ಕ್ಲಾಸಿನಲ್ಲಿದ್ದ. ಎಲ್ಲರ ಮಕ್ಕಳ ಹಾಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ.

ಇರಾಕ್ ಯುದ್ಧ ಶುರುವಾದ ವರ್ಷದ ದಸರಾ ಅದು. ಗೊಂಬೆ ನೋಡಲು ನಾವು ಏಳೆಂಟು ಹೆಂಗಸರು ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು ಹಾಕಿಕೊಂಡು ಗುಡ್ಡ ಹತ್ತಿದ್ದೆವು. ಯಜಮಾನರು ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟ ಮೆಟ್ಟಿಲುಗಳ ಮೇಲೆ ಎಲ್ಲ ಶಾಸ್ತ್ರೋಕ್ತವಾಗಿತ್ತು. ಮೇಲೆ ರಾಜ ರಾಣಿ, ಕೆಳಗೆ ದಶಾವತಾರ, ಮದುವೆ ಮೆರವಣಿಗೆ. ಆದರೆ ನೆಲದ ಮೇಲೆ, ಬೇರೆಯವರು ರಾಗಿ ಪೈರು ಬೆಳೆಸಿ ಪಾರ್ಕು ಮಾಡುವ ಜಾಗದಲ್ಲಿ, ಇವರು ದೊಡ್ಡ ತಟ್ಟೆಗಳ ತುಂಬ ಉಪ್ಪಿಟ್ಟಿನ ರವೆ ಸುರಿದು ಮರುಭೂಮಿ ಮಾಡಿದ್ದರು. ಅದರ ಮೇಲೆ ಆಟಿಕೆ ಟ್ಯಾಂಕುಗಳು, ಬೆರಳುದ್ದದ ಹಸಿರು ಪ್ಲಾಸ್ಟಿಕ್ ಸಿಪಾಯಿಗಳು. ನೀಲಿ ಟಬ್ಬಿನಲ್ಲಿ ಒಂದು ಹಡಗು, ಹಡಗಿನ ಮೇಲೆ ಸೂಟು ತೊಟ್ಟ ಅಧ್ಯಕ್ಷರ ಗೊಂಬೆ, ಅದರ ಕೈಯಲ್ಲಿ 'ಗೆದ್ದಾಯ್ತು' ಎಂದು ಬರೆದ ಚೀಟಿ. ದಿನಸಿ ಅಂಗಡಿಯ ಶೆಟ್ಟಿ ಗೊಂಬೆ ಈ ಸಲ ಅಕ್ಕಿ ಬೇಳೆ ಬಿಟ್ಟು ಎಣ್ಣೆ ಬಾವಿಯ ಪಕ್ಕ ಕೂತಿತ್ತು.

"ಯುದ್ಧ ಯಾರಾದ್ರೂ ಗೆಲ್ಲಲಿ, ಅಂಗಡಿ ಮಾತ್ರ ಇವನದ್ದೇ" ಎಂದು ಆರತಿ ತಟ್ಟೆ ಹಿಡಿದುಕೊಂಡೇ ವಿವರಣೆ ಕೊಟ್ಟರು. "ಬಾಂಬು ಇದೆ ಅಂತ ಹುಡುಕಿದ್ದೂ ಹುಡುಕಿದ್ದೇ. ರವೇಲಿ ಹುಳ ಬಿಟ್ರೆ ಇನ್ನೇನೂ ಸಿಗ್ಲಿಲ್ಲ."

ಕೆಲವರು ನಕ್ಕರು. ಕೆಲವರು ಮೂಗು ಮುರಿದರು. ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರು ಕಿಟಕಿಯ ಕಡೆ ನೋಡಿದರು. ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲೆ ನಮ್ಮ ಬಣ್ಣದವರು ಬಾಯಿಗೆ ಬೀಗ ಹಾಕಿಕೊಂಡು, ಕಾರಿಗೆ ಅಮೆರಿಕಾದ ಬಾವುಟ ಕಟ್ಟಿಕೊಂಡು ತಿರುಗುತ್ತಿದ್ದ ಕಾಲ ಅದು. ಒಬ್ಬರು, ವಿಷಯ ಬದಲಿಸಲೆಂದೋ ಏನೋ, "ಈ ಸಿಪಾಯಿಗಳಲ್ಲಿ ನಮ್ಮೋರು ಯಾರೂ ಇಲ್ವಾ ಆಂಟಿ?" ಎಂದು ತಮಾಷೆಗೆ ಕೇಳಿದರು.

"ನಮ್ಮೋರಾ? ನಾವು ಯುದ್ಧಕ್ಕೆ ಟ್ಯಾಕ್ಸ್ ಕಳಿಸ್ತೀವಿ, ವಿಮಾನ ಕಳಿಸ್ತೀವಿ, ಸಾಫ್ಟ್‌ವೇರ್ ಕಳಿಸ್ತೀವಿ. ಮಕ್ಕಳನ್ನ ಮಾತ್ರ ಮೆಡಿಕಲ್‌ಗೆ ಕಳಿಸ್ತೀವಿ. ಸಾಯೋಕೆ ಬೇರೆಯೋರ ಮಕ್ಕಳು ಇದಾರಲ್ಲ."

ಅದು ನಮ್ಮ ಎಲ್ಲರ ಮೇಲೆ, ಮೊದಲು ತಮ್ಮ ಮೇಲೇ, ಅವರು ಬೀಸಿದ ಮಾತು. ಎಲ್ಲರೂ ನಕ್ಕೆವು. ಅಡುಗೆಮನೆಯ ಬಾಗಿಲಲ್ಲಿ ಅವರ ಮಗ ಕಡಲೆಕಾಳಿನ ಉಸಲಿಯ ಬಟ್ಟಲು ಹಿಡಿದು ನಿಂತಿದ್ದ. ಅವನೊಬ್ಬ ನಗಲಿಲ್ಲ. ಚಮಚ ಬಾಯಿಯ ಹತ್ತಿರವೇ ನಿಂತಿತ್ತು… ಈಗ ಅದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಯಾರಿಗೆ ಅದರ ಗೊಡವೆ.

ಬೇಸಿಗೆಯಲ್ಲಿ ಹೈಸ್ಕೂಲು ಮುಗಿದ ಮೇಲೆ ಅವನು ಸೈನ್ಯಕ್ಕೆ ಸಹಿ ಹಾಕಿ ಬಂದ. ಮಾಲ್‌ನೊಳಗೆ ಶೂ ಅಂಗಡಿಯ ಪಕ್ಕದಲ್ಲಿದ್ದ ಭರ್ತಿ ಆಫೀಸಿನಲ್ಲಿ. ಹದಿನೆಂಟು ತುಂಬಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಊಟದ ಮೇಜಿನಲ್ಲಿ ತಾಯಿಗೆ ಅವನು ಹೇಳಿದ್ದಿಷ್ಟಂತೆ: "ಅಮ್ಮಾ, ಯು ಆರ್ ರೈಟ್. ನಮ್ಮೋರು ಯಾರೂ ಹೋಗಲ್ಲ. ಇಟ್ಸ್ ನಾಟ್ ಫೇರ್." ಮೇಲಿನ ಮನೆಯವರು ಅಂಗಲಾಚಿದರು, ಬೈದರು, ಎರಡು ದಿನ ಊಟ ಬಿಟ್ಟರು. ಯುದ್ಧ ಸುಳ್ಳಿನ ಮೇಲೆ ಕಟ್ಟಿದ್ದು ಎಂದು ಪುಸ್ತಕಗಳನ್ನು ತೆರೆದು ತೋರಿಸಿದರು. ಅದನ್ನೆಲ್ಲ ಅವನೂ ಒಪ್ಪುತ್ತಿದ್ದ. ಸುಳ್ಳಾದರೇನು, ಅದರಲ್ಲಿ ಸಾಯುವವರು ನಿಜವಲ್ಲವೇ ಎಂದು ಕೇಳಿದನಂತೆ.

ಮುಂದಿನ ದಸರಾ ಹೊತ್ತಿಗೆ ಅವನು ತರಬೇತಿ ಮುಗಿಸಿ ಇರಾಕಿನಲ್ಲಿದ್ದ. ಗೊಂಬೆ ಕೂರಿಸುತ್ತಾರೋ ಇಲ್ಲವೋ ಎಂದುಕೊಂಡೇ ಹೋದೆವು. ಕೂರಿಸಿದ್ದರು. ಕೆಳಗೆ ರವೆಯ ಮರುಭೂಮಿಯೂ ಇತ್ತು, ಆದರೆ ಬರಿದು. ಒಂದು ಟ್ಯಾಂಕಿಲ್ಲ, ಸಿಪಾಯಿಯಿಲ್ಲ. ಹಸಿರು ಸಿಪಾಯಿಯೊಬ್ಬ ಮಾತ್ರ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ, ರಾಜ ರಾಣಿಯ ನಡುವೆ ನಿಂತಿದ್ದ. ಈ ಸಲ ವಿವರಣೆ ಇರಲಿಲ್ಲ. ಟೀವಿಯಲ್ಲಿ ಸದ್ದಿಲ್ಲದೆ ಸುದ್ದಿ ಓಡುತ್ತಿತ್ತು, ಅರಿಶಿನ ಕುಂಕುಮ ಕೊಡುವಾಗಲೂ ಅವರ ಕಣ್ಣು ಅದರ ಮೇಲೇ ಇತ್ತು.

ವಿಜಯದಶಮಿಯ ಸಂಜೆ ಆರತಿ ಮಾಡಿ ಒಂದು ಗೊಂಬೆಯನ್ನು ಮಲಗಿಸುವುದು ನಮ್ಮಲ್ಲಿ ಪದ್ಧತಿ. ಮಲಗಿಸಿದರೆ ಹಬ್ಬ ಮುಗಿಯಿತು, ಮಾರನೆಯ ದಿನ ಎಲ್ಲವನ್ನೂ ಎತ್ತಿಡಬಹುದು. ಆವತ್ತು ಪಕ್ಕದ ಊರಾದ ಕೆಂಟ್‌ನಿಂದ ಬಂದಿದ್ದ ಒಬ್ಬ ಅಜ್ಜಿ, ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು, ಪಾಪ, ಏನೂ ಗೊತ್ತಿಲ್ಲದವರು, ಹಾಡು ಹೇಳಿ ಆರತಿ ಎತ್ತಿದರು. ಆಮೇಲೆ ಕೈ ಚಾಚಿದಾಗ ಸಿಕ್ಕಿದ್ದನ್ನು ಮಲಗಿಸಿಬಿಟ್ಟರು. ಸಿಕ್ಕಿದ್ದು ಆ ಸಿಪಾಯಿ.

ಮೇಲಿನ ಮನೆಯವರು ಕಿರುಚಿದ್ದನ್ನು ನಾನು ಜೀವಮಾನದಲ್ಲಿ ಮರೆಯಲಾರೆ. "ಎಬ್ಬಿಸ್ರೀ! ಎಬ್ಬಿಸ್ರೀ ಅವನನ್ನ!" ಮುದುಕಿ ಬೆಚ್ಚಿ ಹಿಂದೆ ಸರಿದರು. ಇವರೇ ಮೆಟ್ಟಿಲ ಮೇಲೆ ಬಿದ್ದಂತೆ ಎಗರಿ ಅವನನ್ನು ನಿಲ್ಲಿಸಿದರು. ಕೈ ತಗುಲಿ ಮತ್ತೆ ಬಿದ್ದ, ಮತ್ತೆ ನಿಲ್ಲಿಸಿದರು. ಯಜಮಾನರು ಬಂದು ಅವರ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ನಾವು ತೆಂಗಿನಕಾಯಿ ತಾಂಬೂಲ ಅಲ್ಲೇ ಬಿಟ್ಟು ಗುಡ್ಡ ಇಳಿದೆವು.

ಆ ವರ್ಷ ಅವರು ಗೊಂಬೆ ಎತ್ತಲಿಲ್ಲ. ದೀಪಾವಳಿ ಬಂತು, ಕ್ರಿಸ್‌ಮಸ್ಸಿಗೆ ಎದುರು ಮನೆಯವರು ದೀಪ ಹಾಕಿದರು, ತೆಗೆದರು. ಇವರ ಹಾಲಿನಲ್ಲಿ ರಾಜ ರಾಣಿ ಧೂಳು ಹಿಡಿಯುತ್ತ ನಿಂತೇ ಇದ್ದರು. ಗೊಂಬೆಗಳನ್ನು ಹಾಗೆ ಬಿಡುವುದು ಮನೆಗೆ ಒಳ್ಳೆಯದಲ್ಲ ಎಂದು ಫೋನಿನಲ್ಲಿ ಬುದ್ಧಿ ಹೇಳಿದವರಿಗೆ, "ಅಮೆರಿಕಾದಲ್ಲಿ ಯುದ್ಧ ಶುರು ಮಾಡೋಕೆ ಬರುತ್ತೆ ಕಣ್ರೀ, ಮುಗಿಸೋಕೆ ಬರಲ್ಲ. ನಮ್ಮ ಹಬ್ಬಾನೂ ಹಾಗೇ" ಎಂದರಂತೆ. ನಾನು ಅವರ ಬಾಯಿಂದ ಬಂದಿದ್ದೆಂದು ಕೇಳಿದ ಕೊನೆಯ ಚಾಟಿ ಅದು.

ವಾರಕ್ಕೊಮ್ಮೆ ನಾನು ಹೋಗಿ ಕೂತು ಬರುತ್ತಿದ್ದೆ. ಆಗ ನನಗೆ ಮಕ್ಕಳಿರಲಿಲ್ಲ, ಹೊತ್ತು ಬೇಕಾದಷ್ಟಿತ್ತು. ಒಂದು ಮಧ್ಯಾಹ್ನ ಕಾಫಿ ಕೊಟ್ಟು, ತಾವು ಕುಡಿಯದೆ, ಮೆಲ್ಲಗೆ ಹೇಳಿದರು. "ನಾನು ಆಡ್ಕೊಂಡಿದ್ದು ನಮ್ಮನ್ನ ಕಣಮ್ಮ. ನಮ್ಮ ಜಾಣತನಾನ. ದೊಡ್ಡೋರೆಲ್ಲ ನಕ್ಕು ಕೈ ತೊಳ್ಕೊಂಡ್ರಿ. ಇವನೊಬ್ಬ ಕೇಳಿಸ್ಕೊಂಡ." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಲ್ಲ, ಅದೇ ಕಷ್ಟ.

ವರ್ಷ ತುಂಬುವ ಹೊತ್ತಿಗೆ ಮಗ ಬಂದ. ಕೈಕಾಲು ನೆಟ್ಟಗಿದ್ದವು, ದೇವರ ದಯೆ ಎಂದು ಎಲ್ಲರೂ ಹೇಳಿದೆವು. ನೋಡಿಕೊಂಡು ಬರೋಣವೆಂದು ನಾನು ಬಿಸಿಬೇಳೆಬಾತಿನ ಡಬ್ಬಿ ಹಿಡಿದು ಹೋದಾಗ ಬಾಗಿಲು ತೆರೆದೇ ಇತ್ತು. ಅವನು ಗೊಂಬೆ ಮೆಟ್ಟಿಲಿನ ಎದುರು ಕಾರ್ಪೆಟ್ಟಿನ ಮೇಲೆ ಮಂಡಿಯೂರಿದ್ದ. ಒಂದೊಂದೇ ಗೊಂಬೆಯನ್ನು ಇಳಿಸಿ ನೆಲದ ಮೇಲೆ ಮಲಗಿಸುತ್ತಿದ್ದ. ಒಂದನ್ನು ಮಲಗಿಸಿದರೆ ಸಾಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲವೋ, ಗೊತ್ತಿದ್ದೂ ಹಾಗೆ ಮಾಡುತ್ತಿದ್ದನೋ. ರಾಜ, ರಾಣಿ, ವಾಲಗದವರು, ಮದುವೆ ಗಂಡು, ಮದುವೆ ಹೆಣ್ಣು, ಶೆಟ್ಟಿ, ಹಾಲು ಮಾರುವವಳು… ಎಲ್ಲವೂ ಅಂಗಾತ, ಸಾಲಾಗಿ, ಒಂದಕ್ಕೂ ಒಂದಕ್ಕೂ ಅಷ್ಟೇ ಜಾಗ ಬಿಟ್ಟು. ಸಾಲು ಸೊಟ್ಟಗಾದರೆ ಮತ್ತೆ ಸರಿಪಡಿಸುತ್ತಿದ್ದ. ಕೊನೆಗೆ ಗೊಂಬೆಗಳ ಮುಖದ ಮೇಲೆ ಮೆಟ್ಟಿಲಿಗೆ ಹಾಸಿದ್ದ ಬಿಳಿ ಪಂಚೆಯನ್ನು ಎಳೆದು ಹೊದಿಸಿದ.

ಮೇಲಿನ ಮನೆಯವರು ಗೋಡೆಗೆ ಒರಗಿ ನೋಡುತ್ತಿದ್ದರು. ಮಗ ಅಲ್ಲಿ ಏನು ನೋಡಿ ಬಂದಿದ್ದಾನೆಂದು ಅವರಿಗೆ ಯಾವ ಪತ್ರಿಕೆಯೂ ಹೇಳಬೇಕಾಗಿರಲಿಲ್ಲ. ನಾನು ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಹಿಂದಿರುಗಿದೆ.

ಆಮೇಲೆ ಅವರು ಇನ್ನೂ ಎಷ್ಟೋ ವರ್ಷ ಇದ್ದರು. ಗೊಂಬೆ ಮತ್ತೆ ಕೂರಿಸಲಿಲ್ಲ. ನಾವೆಲ್ಲ ಸೇರಿದಾಗ ಬರುತ್ತಿದ್ದರು, ಕೋಸಂಬರಿ ಮಾಡಿ ತರುತ್ತಿದ್ದರು, ಯಾರ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಅಧ್ಯಕ್ಷರು ಬದಲಾದರು, ಯುದ್ಧ ಒಂದು ದೇಶದಿಂದ ಇನ್ನೊಂದಕ್ಕೆ ಹೋಯಿತು. ಗಂಡಸರು ಮೇಜು ಗುದ್ದಿ ವಾದಿಸುವಾಗ, "ಆಂಟಿ, ನೀವೇನಂತೀರ?" ಎಂದು ಯಾರಾದರೂ ಕೆಣಕಿದರೆ, "ನಂಗೇನು ಗೊತ್ತಪ್ಪ" ಎಂದು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದರು. ಸಿಟ್ಟು ಬರುತ್ತಿತ್ತು ನನಗೆ. ಆ ನಾಲಿಗೆಯನ್ನು ನಾನು ಎಷ್ಟು ಪ್ರೀತಿಸಿದ್ದೆ! ಮಗ ಜೀವಂತ ಬಂದ, ಅದಕ್ಕೆ ಬದಲಾಗಿ ಅವರ ನಗುವನ್ನು ಯಾರೋ ಇಸಿದುಕೊಂಡಂತಿತ್ತು. ಯಜಮಾನರು ಮೊದಲು ಹೋದರು. ಹೋದ ಚಳಿಗಾಲದಲ್ಲಿ ಇವರು.

ಮನೆ ಖಾಲಿ ಮಾಡುವಾಗ ಈ ಡಬ್ಬವನ್ನು ಮಗನೇ ತಂದುಕೊಟ್ಟ. ಈಗ ಅವನ ತಲೆಯೂ ನರೆತಿದೆ. ಕೆಂಟ್‌ನ ಒಂದು ಗೋದಾಮಿನಲ್ಲಿ ಕೆಲಸ, ಒಬ್ಬನೇ ಇದ್ದಾನೆ. "ಆಂಟಿ, ನನ್ನ ಅಪಾರ್ಟ್‌ಮೆಂಟಲ್ಲಿ ಜಾಗ ಇಲ್ಲ" ಎಂದ. ಹೋಗುವಾಗ ಕಾರಿನ ಬಾಗಿಲು ಹಿಡಿದು ನಿಂತು, "ಶಿ ಯೂಸ್ಡ್ ಟು ಬಿ ಸೋ ಫನ್ನಿ" ಎಂದ. ಆಮೇಲೆ ಕಾರು ಹತ್ತಿ ಹೊರಟ.

ಈ ದಸರಾಕ್ಕೆ ಅವರ ಗೊಂಬೆಗಳನ್ನು ನಮ್ಮ ಮನೆಯಲ್ಲಿ ಕೂರಿಸಿದೆ. ಟೀವಿಯಲ್ಲಿ ಮತ್ತೆ ಯುದ್ಧದ ಮಾತು, ಮತ್ತೆ ಬಾವುಟಗಳ ಮುಂದೆ ನಿಂತ ಗಂಡಸರು, ಭೂಪಟದ ಮೇಲೆ ಕೋಲು. ಅರಿಶಿನ ಕುಂಕುಮಕ್ಕೆ ಬಂದ ಹಳೆಯ ಗೆಳತಿಯೊಬ್ಬಳು ನಿಟ್ಟುಸಿರು ಬಿಟ್ಟು, "ಮೇಲಿನ ಮನೆಯೋರು ಇದ್ದಿದ್ರೆ ಇವತ್ತು ಏನಂತಿದ್ರೋ ಕಣೇ!" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಮಾತು ಸಿದ್ಧವಾಗಿ ನಾಲಿಗೆಯ ತುದಿಗೆ ಬಂದಿತ್ತು, ಅವರದ್ದೇ ಧಾಟಿಯಲ್ಲಿ, ಅವರದ್ದೇ ಸೂಜಿಯೊಂದಿಗೆ. ಹೇಳಿದ್ದರೆ ಕೋಣೆಯೇ ಬಿದ್ದು ಬಿದ್ದು ನಗುತ್ತಿತ್ತು.

ಮಹಡಿ ಮೆಟ್ಟಿಲ ಮೇಲೆ ನನ್ನ ಮಗ ಕೂತಿದ್ದ. ಬರುವ ಬೇಸಿಗೆಗೆ ಹೈಸ್ಕೂಲು ಮುಗಿಸುತ್ತಾನೆ. ಅವನ ಹೆಸರಿಗೆ ಸೈನ್ಯಕ್ಕೆ ಸೇರು ಎನ್ನುವ ಬಣ್ಣದ ಕಾರ್ಡುಗಳು ಅಂಚೆಯಲ್ಲಿ ಬರುತ್ತಿರುತ್ತವೆ, ಅವನಿಗಿಂತ ಮೊದಲು ನಾನೇ ತೆಗೆದು ಹರಿದು ಹಾಕುತ್ತೇನೆ. ಸದಾ ಕಿವಿಯಲ್ಲಿರುವ ಇಯರ್‌ಫೋನನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ವಾಟ್ ವುಡ್ ಶಿ ಹ್ಯಾವ್ ಸೆಡ್, ಅಮ್ಮಾ?" ಎಂದು ಕೇಳಿದ.

"ಏನೂ ಹೇಳ್ತಿರ್ಲಿಲ್ಲ ಕಣೋ," ಎಂದೆ. "ಎದ್ದು ಪಾತ್ರೆ ತೊಳೆಯೋಕೆ ಹೋಗ್ತಿದ್ರು."